ಆಕಾಶನನ್ನು ಪ್ಲೆಸೆಂಟನ್ನಿಗೆ ಕೊಡುವ ವಿಚಾರ

ಆಕಾಶನಂಥ ಪಿಚರ್ ನಮ್ಮ ಬೇಸ್‌ಬಾಲ್ ಲೀಗಿನಲ್ಲಿ ಇನ್ನೊಬ್ಬನಿಲ್ಲ. ಅವನಷ್ಟು ದಿಮಾಕಿನವನೂ ಇನ್ನೊಬ್ಬನಿಲ್ಲ. ಪ್ರಾಕ್ಟೀಸಿಗೆ ಎಲ್ಲರೂ ಬಂದು ಬೆವರಿದ ಮೇಲೆ ಅವನ ಕಾರು ಬರುತ್ತದೆ. ಬ್ಯಾಟು, ಹೆಲ್ಮೆಟ್ಟು ತುಂಬಿದ ಚೀಲವನ್ನು ಉಳಿದವರು ಸರದಿಯ ಮೇಲೆ ಹೊರುತ್ತಾರೆ, ಅವನು ಹೊರುವುದಿಲ್ಲ. ಯಾರಾದರೂ ಕ್ಯಾಚು ಬಿಟ್ಟರೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಮೈದಾನದ ನಡುವೆ ನಿಲ್ಲುತ್ತಾನೆ, ಬಿಟ್ಟವನು ಯಾರೆಂದು ಇಡೀ ಹೇವರ್ಡ್ ಊರಿಗೆ ಗೊತ್ತಾಗಲಿ ಅಂತ. ಆದರೆ ಚೆಂಡು ಎಸೆಯಲು ನಿಂತನೆಂದರೆ ಎದುರಿನವರು ಬ್ಯಾಟು ಬೀಸಿ ಗಾಳಿ ಹೊಡೆದು ವಾಪಸು ಹೋಗುತ್ತಾರೆ. ಅದಕ್ಕೇ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಳ್ಳುವುದು ನನಗೆ ಒಗ್ಗುವ ಕೆಲಸವಲ್ಲ.

ನಾನು ಮಲ್ಲಪ್ಪ, ಹೇವರ್ಡ್ ಪೈಲ್ವಾನ್ಸ್ ತಂಡದ ಮ್ಯಾನೇಜರು. ವಾರವಿಡೀ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟಿನವರ ಮೇಲೆ ಕೂಗುತ್ತೇನೆ, ಭಾನುವಾರ ಇವರ ಮೇಲೆ. ತಂಡ ಕಟ್ಟಿದ್ದು ನಾನು ಮತ್ತು ಮೆಹಬೂಬ್ ಸಾಬ್. ಅವನೂ ಗದಗಿನ ಕಡೆಯವನೇ, ಮಿಲ್ಪಿಟಾಸಿನಲ್ಲಿ ಕಾರು ರಿಪೇರಿ ಗ್ಯಾರೇಜು ಇಟ್ಟಿದ್ದಾನೆ. ಕ್ರಿಕೆಟ್ಟಿಗೆ ಮೈದಾನ ಸಿಗದೆ ಬೇಸ್‌ಬಾಲಿಗೆ ಬಂದವರು ನಾವು, ಆಮೇಲೆ ಅದರ ಹುಚ್ಚೇ ಹಿಡಿಯಿತು.

ದೊಡ್ಡ ಲೀಗುಗಳನ್ನು ನೋಡಿ ನಮ್ಮ ಭಾನುವಾರದ ಲೀಗಿನವರೂ ಒಂದು ನಿಯಮ ಮಾಡಿಕೊಂಡಿದ್ದಾರೆ. ಆಗಸ್ಟಿನ ಮೊದಲ ಭಾನುವಾರ ಸಂಜೆ ಐದರೊಳಗೆ ಪ್ರತಿ ತಂಡವೂ ಒಬ್ಬನೇ ಒಬ್ಬ ಆಟಗಾರನನ್ನು ಇನ್ನು ಮೂರು ವರ್ಷಕ್ಕೆ ಕಟ್ಟಿಕೊಳ್ಳಬಹುದು. ಅದಕ್ಕೆ ಆಟಗಾರನೂ ತನ್ನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಇಲ್ಲವೆ ಅದೇ ಐದರೊಳಗೆ ಅವನನ್ನು ಬೇರೆ ತಂಡಕ್ಕೆ ಕೊಟ್ಟು ಅವರ ಆಟಗಾರರನ್ನು ತರಬಹುದು. ಅದಕ್ಕೆ ಎರಡೂ ಕಡೆಯ ಮ್ಯಾನೇಜರು ಒಪ್ಪಿದರೆ ಸಾಕು, ಆಟಗಾರನನ್ನು ಯಾರೂ ಕೇಳುವುದಿಲ್ಲ. ಐದು ದಾಟಿತೆಂದರೆ ಎರಡೂ ಇಲ್ಲ. ಸೀಸನ್ನು ಮುಗಿದ ಮೇಲೆ ಅವನು ಬಯಲಿಗೆ ಬಿದ್ದ ಹಾಗೆ. ಯಾರು ಬೇಕಾದರೂ ಕರೆಯಬಹುದು, ಯಾರೂ ಕರೆಯದೆಯೂ ಇರಬಹುದು.

ಜುಲೈಯಲ್ಲಿ ಒಂದು ದಿನ ಆಕಾಶ ನೇರವಾಗಿ ಬಂದು ಕೇಳಿದ.

"ಅಂಕಲ್, ಈ ಸಲ ನನ್ನನ್ನ ಲಾಕ್ ಮಾಡ್ತೀರ ತಾನೆ? ತ್ರೀ ಇಯರ್ಸು."

"ನಾ ನಿನಗ ಅಂಕಲ್ ಹೆಂಗ ಆದ್ನೋ? ನಿನಗ ಮೂವತ್ಮೂರು."

"ಸರಿ, ಅಣ್ಣ. ಲಾಕ್ ಮಾಡ್ತೀರಾ?"

"ನೋಡೂಣು."

"ನೋಡೋಣ ಅಂದ್ರೆ? ನನ್ನ ಬಿಟ್ಟು ಇನ್ಯಾರನ್ನ ಮಾಡ್ತೀರ? ಆ ಸಿದ್ಧಾರೂಢನ್ನಾ? ಬಾಲ್ ಬಂದ್ರೆ ಕಣ್ಣು ಮುಚ್ಕೊತಾನೆ."

ಸಿದ್ಧಾರೂಢ ಎರಡು ಮಾರು ದೂರದಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅವನಿಗೆ ಕೇಳಿಸಲಿ ಅಂತಲೇ ಇವನು ಹೇಳಿದ್ದು.

ನಾನು ಆಗಲೇ ಬೇರೆ ತೀರ್ಮಾನಕ್ಕೆ ಬಂದಿದ್ದೆ. ಕಾರಣ ಅವನ ದಿಮಾಕಲ್ಲ. ಅವನ ಮೊಣಕೈ ಹೋಗಿತ್ತು. ಜೂನಿನಿಂದ ನೋಡುತ್ತಿದ್ದೆ. ಆಟದ ನಡುವೆ ಬೆಂಚಿನ ತುದಿಗೆ ಹೋಗಿ ಕೂರುತ್ತಾನೆ, ಐಸಿನ ನೀರಿನ ಬಾಟಲಿಯನ್ನು ಟವೆಲ್ಲಿನ ಕೆಳಗೆ ಮೊಣಕೈಗೆ ಒತ್ತಿ ಹಿಡಿಯುತ್ತಾನೆ, ಯಾರಾದರೂ ಹತ್ತಿರ ಬಂದರೆ ಅದೇ ಬಾಟಲಿ ಎತ್ತಿ ನೀರು ಕುಡಿಯುತ್ತಾನೆ. ಅಂಥ ಕೈಯನ್ನು ಮೂರು ವರ್ಷ ಕಟ್ಟಿಕೊಂಡು ನಾನೇನು ಮಾಡಲಿ? ಪ್ಲೆಸೆಂಟನ್ ತಂಡದ ಮ್ಯಾನೇಜರು ವಿಕಾಸ್ ಎರಡು ವರ್ಷದಿಂದ ಆಕಾಶನ ಮೇಲೆ ಕಣ್ಣಿಟ್ಟಿದ್ದ. ಬದಲಿಗೆ ಇಬ್ಬರನ್ನು ಕೊಡುತ್ತೇನೆ ಅಂದ, ಇಬ್ಬರೂ ಕಾಲೇಜು ಮುಗಿಸಿದವರು, ಓಡಿದರೆ ಮೊಲದ ಹಾಗೆ. ನಾನು ಹೂಂ ಅಂದೆ. ಗಡುವಿನ ಭಾನುವಾರವೇ ನಮಗೂ ಅವರಿಗೂ ಆಟವಿತ್ತು, ಅದು ಮುಗಿದ ಕೂಡಲೇ ಇಬ್ಬರೂ ಫೋನಿನಲ್ಲಿ ಒತ್ತುವುದು ಅಂತ ಮಾತಾಯಿತು.

ಗ್ಯಾರೇಜಿಗೆ ಹೋಗಿ ಮೆಹಬೂಬ್ ಸಾಬನಿಗೆ ಹೇಳಿದಾಗ ಅವನು ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದ. "ಮೊಣಕೈ ಸಂಗತಿ ವಿಕಾಸಗ ಹೇಳಿಯೇನು?"

"ಅವ ಕೇಳಿಲ್ಲ."

"ನನ್ನ ಕಡೆ ಹಳೇ ಗಾಡಿ ಇರತಾವು. ಎಂಜಿನ್ ಒಡದದ್ದು ಮುಚ್ಚಿಟ್ಟು ನಾ ನಿನಗ ಮಾರಿದ್ರ ಏನಂತಿದ್ದಿ?"

"ಇದು ಗಾಡಿ ಅಲ್ಲ."

"ಅಲ್ಲ. ಮನಷ್ಯಾ. ಅದಕ್ಕ ಕೇಳಿದ್ನಿ."

"ನೀ ಮೊದಲ ಬ್ರೇಕ್ ಬಿಗಿ ಮಾಡು ಹೋಗು" ಅಂತ ಹೇಳಿ ಬಂದೆ.

ಅವನನ್ನು ಬಿಟ್ಟರೆ ಹೇಳಿದ್ದು ನನ್ನ ಹೆಂಡತಿ ಕಾಶವ್ವನಿಗೆ. ಅದೇ ತಪ್ಪಾಯಿತು. ಆಕಾಶನ ಹೆಂಡತಿ ಆರತಿ ಬಾಗಲಕೋಟೆಯವಳು. ಕಾಶವ್ವನನ್ನು ಸ್ವಂತ ಚಿಕ್ಕಮ್ಮನ ಹಾಗೆ ಚಿಗವ್ವ ಅನ್ನುತ್ತಾಳೆ. ಭಾನುವಾರ ಆಟ ಮುಗಿದ ಮೇಲೆ ತಂಡದ ಮನೆಗಳವರೆಲ್ಲ ನಮ್ಮಲ್ಲೇ ರೊಟ್ಟಿ ತಿನ್ನುವುದು ರೂಢಿ, ಅದರಲ್ಲಿ ಇವರಿಬ್ಬರ ಜೋಡಿ ಬೇರೆಯೇ. ಆರತಿಯ ಮುಂದೆ ಬಾಯಿ ಬಿಡಬೇಡ ಅಂತ ನಾನು ಗದರಿಸಿ ಹೇಳಿದ್ದೆ. ಕಾಶವ್ವ ಬಾಯಿ ಬಿಡಲಿಲ್ಲ. ಆ ಮಾತು ಉಳಿಸಿಕೊಂಡಳು.

ಆ ವಾರವೇ ಪಂಚಮಿ ಬಂತು. ತವರಿಗೆ ಹೋಗಲಾಗದ ಹುಡುಗಿ ಅಂತ ಆರತಿಯನ್ನು ಕಾಶವ್ವ ಸಂಜೆ ಮನೆಗೆ ಕರೆದಳು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ಎಲ್ಲ ಆಯಿತು. ನಾನು ಪಕ್ಕದ ಕೋಣೆಯಲ್ಲಿ ಟಿವಿಯ ಮುಂದಿದ್ದೆ. ಹೊರಡುವ ಹೊತ್ತಿಗೆ ಕಾಶವ್ವ ಉಡಿ ತುಂಬಲು ನಿಂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು. ಅದರ ಮೇಲೆ ಒಂದು ಕುಪ್ಪಸದ ಖಣ ಇಟ್ಟಿದ್ದರೆ ಮುಗಿಯುತ್ತಿತ್ತು. ಇವಳು ಕಪಾಟು ತೆಗೆದು ತನ್ನ ಹೊಸ ಇಳಕಲ್ ಸೀರೆಯನ್ನೇ ತಂದಳು.

"ಚಿಗವ್ವಾ, ಪಂಚಮಿಗೆ ಖಣ ಸಾಕಾಗಿತ್ತು. ಸೀರಿ ಯಾಕ?"

"ಇರಲಿ, ತಗೋ."

"ಮಗಳನ್ನ ಗಂಡನ ಮನಿಗೆ ಕಳಸೂ ಹಂಗ ಮಾಡಾಕತ್ತೀರಲ್ಲ. ಎಲ್ಲಿಗೆ ಕಳಸಾಕತ್ತೀರಿ ನನ್ನ?"

ಕಾಶವ್ವ ಮೂಗು ಎಳೆದುಕೊಂಡ ಸದ್ದು ನನಗೆ ಟಿವಿಯ ಗದ್ದಲದಲ್ಲೂ ಕೇಳಿಸಿತು. ಆಮೇಲೆ, "ಎಲ್ಲಿದ್ರೂ ಚಂದಾಗಿ ಇರವ್ವ. ಅಲ್ಲಿ ಮಂದೀನೂ ನಮ್ಮವರ ಇರತಾರ" ಅಂದಳು. ಪ್ಲೆಸೆಂಟನ್ ನಮ್ಮ ಮನೆಯಿಂದ ಅರ್ಧ ತಾಸಿನ ದಾರಿ. ಇವಳು ಹುಡುಗಿಯನ್ನು ಸಮುದ್ರದಾಚೆ ಕಳಿಸುವವಳ ಹಾಗೆ ಉಡಿ ತುಂಬಿದ್ದಳು. ಆರತಿ ಬುದ್ಧಿವಂತೆ. ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತು ನನ್ನ ಮುಖ ನೋಡಿದಳು. ನಾನು ಟಿವಿ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಆಕಾಶ ವೇರ್‌ಹೌಸಿಗೇ ಬಂದ. ಟ್ರಕ್ಕಿನಿಂದ ಮಾಲು ಇಳಿಯುತ್ತಿತ್ತು. ಹತ್ತು ಜನರ ಎದುರಿಗೆ ಶುರು ಮಾಡಿದ.

"ನನ್ನನ್ನ ಟ್ರೇಡ್ ಮಾಡ್ತಿರೋ ವಿಷ್ಯ ನನ್ನ ಹೆಂಡ್ತಿ ಸೀರೆ ನೋಡಿ ನಂಗೆ ಗೊತ್ತಾಗ್ಬೇಕಾ?"

"ನಿನಗ ಹೇಳಬೇಕಂತ ಲೀಗಿನ ಕಾಯ್ದೆ ಇಲ್ಲ."

"ಕಾಯ್ದೆ ಬಿಡಿ. ನಿಮಗೊಂದು ಮುಖ ಇದೆಯಲ್ಲ, ಅದನ್ನ ತಗೊಂಡು ಬಂದು ಹೇಳ್ಬೋದಿತ್ತು."

"ದನಿ ಇಳಸು. ಇದು ನಾ ಕೆಲಸಾ ಮಾಡೂ ಜಾಗಾ."

"ಯಾಕೆ ಅಂತ ಹೇಳಿ, ಇಳಿಸ್ತೀನಿ."

ಮೊಣಕೈ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ವಿಕಾಸನ ಕಿವಿಗೆ ಹೋಗುತ್ತದೆ, ವ್ಯವಹಾರ ಕೆಡುತ್ತದೆ. ನುಂಗಿಕೊಂಡೆ.

"ನಿನ್ನ ಸೊಕ್ಕಿಗೆ" ಅಂದೆ.

"ಸೊಕ್ಕಾ? ಹೋದ ವರ್ಷ ಫೈನಲ್ ಗೆಲ್ಲಿಸಿದ್ದು ಯಾರು?"

"ಒಂಬತ್ತು ಮಂದಿ."

"ಎಂಟು ಜನ ನಿಂತ್ಕೊಂಡು ನೋಡ್ತಿದ್ರು."

"ನೋಡು, ಇದಕ್ಕ ಅಂದದ್ದು ಸೊಕ್ಕು ಅಂತ. ನಡಿ ಇಲ್ಲಿಂದ."

"ಎರಡು ವರ್ಷದಿಂದ ನನ್ನ ಮೇಲೆ ಕಣ್ಣಿಟ್ಟಿರೋನು ವಿಕಾಸ್ ತಾನೆ? ಸಂಡೇ ಅವರ ಮೇಲೇನೇ ಗೇಮು. ನಾನೇ ಹಾಕ್ತೀನಿ, ಮೊದಲಿಂದ ಕೊನೆ ತನಕ. ಯಾರನ್ನ ಬಿಟ್ಕೊಡ್ತಿದೀರ ಅಂತ ಕಣ್ಣು ಬಿಟ್ಕೊಂಡು ನೋಡಿ."

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅವನು ಚೆನ್ನಾಗಿ ಆಡಿದಷ್ಟೂ ವಿಕಾಸನ ಬಾಯಲ್ಲಿ ನೀರೂರುತ್ತದೆ ಅಂತ ಲೆಕ್ಕ ಹಾಕಿದೆ.

ಭಾನುವಾರ ಮಧ್ಯಾಹ್ನ ಅವನು ಎಸೆದದ್ದನ್ನು ನಾನು ಮರೆಯಲಾರೆ. ಸಿಟ್ಟನ್ನೇ ಉಂಡೆ ಮಾಡಿ ಎಸೆಯುವ ಹಾಗೆ ಎಸೆದ. ಪ್ಲೆಸೆಂಟನ್ನಿನವರು ಒಬ್ಬರ ಹಿಂದೊಬ್ಬರು ಬಂದರು, ಬೀಸಿದರು, ಹೋದರು. ವಿಕಾಸ್ ತನ್ನ ತಂಡ ಸೋಲುತ್ತಿದ್ದರೂ ಬೆಂಚಿನ ಮೇಲೆ ಕೂತು ನಗುತ್ತಿದ್ದ, ಮುಂದಿನ ವಾರ ಈ ಕೈ ತನ್ನದೇ ಅಂತ. ಆರನೇ ಇನ್ನಿಂಗ್ಸಿಗೆ ಬರುವಾಗ ಆಕಾಶನ ಮುಖ ಬಿಳಿಚಿಕೊಂಡಿತ್ತು. ಒಂದೊಂದು ಚೆಂಡು ಬಿಟ್ಟ ಮೇಲೂ ಕೈ ಹೊಟ್ಟೆಗೆ ಒತ್ತಿಕೊಂಡು ಬಗ್ಗುತ್ತಿದ್ದ.

"ಇಳಸಲೇ ಅವನ್ನ" ಅಂದ ಮೆಹಬೂಬ್ ಸಾಬ್. "ಕೈ ಮುರಕೋತಾನ."

ನಾನು ಎದ್ದು ಮೈದಾನದ ನಡುವೆ ನಡೆದು ಹೋದೆ. "ಸಾಕು. ಚೆಂಡು ಕೊಡು."

"ಕೊಡಲ್ಲ."

"ಮೊಣಕೈ ಬಾತು ಕುಂಬಳಕಾಯಿ ಆಗೇತಿ. ಕೊಡು ಇಲ್ಲೆ."

ಅವನು ನನ್ನನ್ನೇ ನೋಡಿದ. "ಮೊಣಕೈ ಅಂತ ನಿಮಗೆ ಹೇಗೆ ಗೊತ್ತು?"

ಉದ್ದ ತೋಳಿನ ಅಂಗಿ ಹಾಕಿದ್ದ. ಬಾತದ್ದು ಹೊರಗೆ ಕಾಣುತ್ತಿರಲಿಲ್ಲ.

"ಜೂನಿನಿಂದ ಗೊತ್ತೈತಿ."

"ಓ" ಅಂದ. ಚೆಂಡನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದ. "ಸೊಕ್ಕಿಗಲ್ಲ. ಹಾಳಾಗಿದೆ ಅಂತ ಗೊತ್ತಾಗಿ, ಅವರಿಗೆ ಗೊತ್ತಾಗೋದ್ರೊಳಗೆ ದಾಟಿಸ್ತಿದೀರ."

ಅಂಪೈರು ಬೇಗ ಮುಗಿಸಿ ಅಂತ ಕೂಗಿದ.

"ಹೋಗಿ ಕೂತ್ಕೊಳ್ಳಿ" ಅಂದ ಆಕಾಶ. "ನನ್ನನ್ನ ಮುಟ್ಟಿದ್ರೆ ಇಲ್ಲೇ ಗಲಾಟೆ ಆಗುತ್ತೆ."

ಕೊನೆಯವರೆಗೂ ಅವನೇ ಎಸೆದ. ಗೆದ್ದೆವು. ಯಾರೂ ಕೇಕೆ ಹಾಕಲಿಲ್ಲ, ಅವನ ಮುಖ ಹಾಗಿತ್ತು.

ಪಾರ್ಕಿಂಗ್ ಲಾಟಿನಲ್ಲಿ ವಿಕಾಸ್ ಫೋನು ಹಿಡಿದುಕೊಂಡು ಬಂದ. "ಮಲ್ಲಪ್ಪನವ್ರೇ, ಸೂಪರ್. ನಾನು ಒತ್ತಲಾ? ಇನ್ನೂ ಟೈಮಿದೆ."

ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಆಕಾಶ ನಡುವೆ ಬಂದು ನಿಂತ. ಅಂಗಿಯ ತೋಳನ್ನು ಎಡಗೈಯಿಂದ ಮೇಲೆ ಸರಿಸಿದ. ಮೊಣಕೈ ಕೆಂಪಗೆ ಉಬ್ಬಿ ಹೊಳೆಯುತ್ತಿತ್ತು. ಕೈ ನೀಡಲು ನೋಡಿದ. ಅರ್ಧಕ್ಕೇ ನಿಂತಿತು.

"ವಿಕಾಸ್, ಒತ್ತೋಕೆ ಮುಂಚೆ ಮಾಲು ನೋಡ್ಕೊಳ್ಳಿ. ಇಷ್ಟೇ ಬರೋದು ಇದು."

ವಿಕಾಸನ ನಗು ಹೋಯಿತು. "ಯಾವಾಗಿಂದ?"

"ಇವರನ್ನ ಕೇಳಿ. ನಂಗಿಂತ ಚೆನ್ನಾಗಿ ಗೊತ್ತು."

"ಮಲ್ಲಪ್ಪನವ್ರೇ, ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಡ್ಯಾಮೇಜ್ ಪೀಸು ನನ್ನ ತಲೆಗೆ ಕಟ್ಟೋಕೆ ಬಂದ್ರಾ? ಥೂ, ಇಂಥ ಮೋಸಗಾರ ಅನ್ಕೊಂಡಿರ್ಲಿಲ್ಲ ನಿಮ್ಮನ್ನ."

"ಯಾರಿಗಲೇ ಪೀಸು ಅಂತೀ?" ನಾನು ಅವನ ಅಂಗಿಗೆ ಕೈ ಹಾಕಿದೆ. ಮೆಹಬೂಬ್ ಸಾಬ್ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದ. ವಿಕಾಸ್ ಬೈಯುತ್ತ ತನ್ನ ಕಾರಿಗೆ ಹೋದ. ಹೋಗುವಾಗ ಲೀಗಿನವರಿಗೆಲ್ಲ ಹೇಳುತ್ತೇನೆ ಅಂದ. ಹೇಳಿದ ಕೂಡ.

ನನ್ನ ಕಿವಿ ಸುಡುತ್ತಿತ್ತು. ಫೋನು ತೆಗೆದು ಆಕಾಶನ ಹೆಸರು ಹುಡುಕಿ ಮೂರು ವರ್ಷಕ್ಕೆ ಒತ್ತಿದೆ. ಅವನ ಜೇಬಿನಲ್ಲಿ ಟಿಂಗ್ ಅಂತು.

"ಒತ್ತು" ಅಂದೆ.

ಅವನು ಎಡಗೈಯಿಂದ ಫೋನು ತೆಗೆದು ನೋಡಿದ. "ಇದೇನು, ಕರುಣೆನಾ?"

"ಕರುಣಾ ನನ್ನ ಕಡೆ ಇಲ್ಲ. ಅವ ನನಗ ಮೋಸಗಾರ ಅಂದ."

"ಅಂದ್ರೆ ನಿಮ್ಮ ಮರ್ಯಾದೆ ಉಳಿಸೋಕೆ ನಾನು ಒತ್ತಬೇಕು."

"ನಿನಗ ಬೇಕಾಗಿದ್ದೂ ಇದ ಅಲ್ಲೇನು? ಮೂರು ವರ್ಷ. ಕೈ ಸುದ್ದಿ ಈಗ ಎಲ್ಲಾರಿಗೂ ಗೊತ್ತಾಗತೈತಿ. ಬಯಲಿಗೆ ಬಿದ್ರ ಯಾವ ನಾಯೀನೂ ಕರಿಯಂಗಿಲ್ಲ ನಿನ್ನ. ಒತ್ತು."

"ಒಂದ್ಸಲ ಕೇಳಿ" ಅಂದ. "ಆಕಾಶ, ಇರ್ತೀಯಾ ಅಂತ. ಅಷ್ಟೇ. ಒತ್ತು ಒತ್ತು ಅಂತ ದನಕ್ಕೆ ಹೇಳಿದ ಹಾಗೆ ಹೇಳ್ಬೇಡಿ."

"ನಾ ಯಾರ ಮುಂದನೂ ಹಲ್ಲು ಗಿಂಜಿಲ್ಲ."

"ನಾನೂ ಇಲ್ಲ."

"ಮಲ್ಲಪ್ಪಣ್ಣ, ಐದಾಗಾಕ ಬಂತು" ಅಂದ ಮೆಹಬೂಬ್ ಸಾಬ್. "ಕೇಳಿ ಬಿಡಲೇ. ಒಂದು ಮಾತು."

"ಅವಗ ಒತ್ತಾಕ ಹೇಳು."

"ಆಕಾಶ, ನೀನರ ಒತ್ತೋ ತಮ್ಮಾ. ಈ ಮುದಿ ಕೋಣಕ್ಕ ಬುದ್ಧಿ ಇಲ್ಲ."

"ಅವರು ಕೇಳ್ಲಿ."

ಹೀಗೆ ನಿಂತೆವು. ನಾನು ಅವನ ಮುಖ ನೋಡುತ್ತ, ಅವನು ನನ್ನ ಮುಖ ನೋಡುತ್ತ. ಆರತಿ ಕಾರಿನ ಪಕ್ಕದಿಂದ, "ಕಾಕಾ, ಸಾಕ್ರಿ" ಅಂತ ಒಮ್ಮೆ ಕೂಗಿದಳು. ನಾನು ತಿರುಗಲಿಲ್ಲ. ಇಬ್ಬರ ಫೋನೂ ಒಟ್ಟಿಗೆ ಟಿಂಗ್ ಅಂದವು. ಗಡುವು ಮುಗಿದಿದೆ, ವಿನಂತಿ ರದ್ದಾಗಿದೆ ಅಂತ ಬಂದಿತ್ತು.

ಮೆಹಬೂಬ್ ಸಾಬ್ ನೆಲಕ್ಕೆ ಉಗಿದ. "ಹತ್ತು ವರ್ಷ ಕಟ್ಟಿದ್ದು ಇದಕ್ಕೇನು?" ಅಂದು ಹೋಗಿ ತನ್ನ ಟ್ರಕ್ಕಿನಲ್ಲಿ ಕೂತ.

ಆಕಾಶ ಕಾರಿನ ಕಡೆ ನಡೆದ. ಯಾವತ್ತೂ ಬೇರೆಯವರಿಗೆ ಸ್ಟಿಯರಿಂಗ್ ಮುಟ್ಟಲು ಬಿಡದವನು ಪಕ್ಕದ ಸೀಟಿಗೆ ಹೋದ. ಸೀಟ್ ಬೆಲ್ಟು ಎಳೆಯಲು ಕೈ ಏಳಲಿಲ್ಲ. ಆರತಿ ಅವನ ಮೈಮೇಲೆ ಬಗ್ಗಿ ಬೆಲ್ಟು ಎಳೆದು ಸಿಕ್ಕಿಸಿದಳು. ಅವನು ಆ ಹೊತ್ತು ಹೊರಗೆ ಬೇಲಿಯ ಕಡೆ ಮುಖ ಮಾಡಿದ್ದ, ಯಾರೂ ನೋಡಬಾರದು ಅಂತ. ನಾನು ನೋಡಿದೆ.

ಕಾರು ಹೊರಡುವಾಗ ನನ್ನ ಪಕ್ಕದಿಂದಲೇ ಹೋಗಬೇಕಿತ್ತು. ಕಿಟಕಿ ಇಳಿದಿತ್ತು. ಕೇಳಬೇಕಾದ ಮಾತು ಗಂಟಲ ತನಕ ಬಂತು, ಬಾಯಲ್ಲಿ ಬೇರೆಯೇ ಆಯಿತು.

"ಡಾಕ್ಟರಗ ತೋರಸು" ಅಂದೆ.

"ಅದಕ್ಕೂ ಒತ್ತಬೇಕಾ?" ಅಂದ ಆಕಾಶ, ಕಿಟಕಿ ಏರಿಸಿದ. ಆರತಿ ನನ್ನ ಕಡೆ ನೋಡದೆ ಕಾರನ್ನು ಫ್ರೀವೇಯ ಕಡೆ ತಿರುಗಿಸಿದಳು.