ಹಾಡು ಕೇಳಿ ಬಿದ್ದ ಹುಡುಗಿ

ಮನೆಯಲ್ಲಿ ಅವಳನ್ನು ಗುಬ್ಬಿ ಅಂತ ಕರೆಯುತ್ತಿದ್ದರು. ಮನೆಯಿಂದಾಚೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ಹಾಡುತ್ತಿದ್ದ ಇಬ್ಬರು ಗೆಳತಿಯರಿಗೂ ಅವಳು ಹೇಳಿರಲಿಲ್ಲ. ಹಾಗಾಗಿ ಹೆಡ್‌ಫೋನಿನಲ್ಲಿ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಗಂಡಸೊಬ್ಬ "ಗುಬ್ಬೀ" ಅಂತ ಕೂಗಿದ್ದು ಕೇಳಿಸಿದಾಗ ಅವಳು ಬೆಚ್ಚಿಬಿದ್ದಳು.

ಮೂವರು ಹುಡುಗಿಯರ ಆ ತಂಡ ಶುರುವಿನ ದಿನಗಳಲ್ಲಿ ಟೀವಿಯಲ್ಲಿ ಹಾಡಿದ್ದನ್ನೆಲ್ಲ ಸೇರಿಸಿ ಕಂಪನಿಯೊಂದು ಆಲ್ಬಮ್ ತರಲು ಹೊರಟಿತ್ತು. ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡು ನೇರವಾಗಿ ಹಾಡಿದ ಹಾಡುಗಳು. ಚಪ್ಪಾಳೆ, ಕೆಮ್ಮು, ಕುರ್ಚಿ ಎಳೆದ ಸದ್ದು ಎಲ್ಲ ಹಾಗೇ ಇದ್ದವು. ಕೂದಲು ನೆರೆತ ಮೇಲೆ ತನ್ನ ಎಳೆಯ ದನಿ ಕೇಳುವ ಆಸೆಯಿಂದ ಗುಬ್ಬಿ ಬಂದಿದ್ದಳು.

"ಇನ್ನೊಂದ್ಸಲ ಹಾಕಮ್ಮ," ಅಂದಳು.

ಸೌಂಡ್ ಇಂಜಿನಿಯರ್ ಹುಡುಗಿ ಹಾಕಿದಳು. "ಉಳಿದ ಟೇಪುಗಳಲ್ಲೂ ಈ ದನಿ ಇದೆ ಮೇಡಂ. ಯಾರೋ ಹುಚ್ಚು ಅಭಿಮಾನಿ ಇರ್ಬೇಕು. ಕೊನೇದು ಕೇಳಿ, ತುಂಬ ಹತ್ತಿರ ಬಂದಿದ್ದಾರೆ."

ಕೊನೆಯ ಟೇಪಿನಲ್ಲಿ ಅದು ಕೂಗಾಗಿರಲಿಲ್ಲ. ಜನರ ಕಡೆ ಇಟ್ಟಿದ್ದ ಮೈಕಿನ ಬುಡದಲ್ಲೇ ನಿಂತು, ಹಲ್ಲು ಕಚ್ಚಿ ಆಡಿದ ಮಾತಿನಂತಿತ್ತು. ಹಿಂದೆಯೇ ದೊಪ್ಪೆಂಬ ಸದ್ದು, ಜನರ ಗದ್ದಲ. ಗುಬ್ಬಿ ಹೆಡ್‌ಫೋನ್ ಕಿತ್ತು ಬಾಗಿಲ ಕಡೆ ತಿರುಗಿದಳು. ಅದು ಅಪ್ಪನ ದನಿ. ಅವನು ಸತ್ತು ಎಷ್ಟೋ ವರ್ಷಗಳಾಗಿದ್ದವು. ಆದರೂ ಚಿಲಕ ಹಾಕಿದೆಯೇ ಅಂತ ನೋಡಿದಳು.

ಬಸ್ ಡ್ರೈವರ್ ಆಗಿದ್ದ ಅಪ್ಪ ಅವಳ ಗಿಟಾರನ್ನು ಮೆಟ್ಟಿಲಿಗೆ ಬಡಿದು ಮುರಿದಿದ್ದ. "ಟೀವೀಲಿ ಮುಖ ತೋರ್ಸು, ಅಲ್ಲಿಗೇ ಬಂದು ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ," ಅಂದಿದ್ದ. ಅವತ್ತೇ ಅವಳು ಮನೆ ಬಿಟ್ಟು ತಂಡದಲ್ಲಿ ಡ್ರಮ್ ಬಾರಿಸುವ ಗೆಳತಿಯ ಮನೆ ಸೇರಿದಳು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಹಿಂಬಾಗಿಲು ಎಲ್ಲಿದೆ ಅಂತ ನೋಡಿಟ್ಟುಕೊಳ್ಳುತ್ತಿದ್ದಳು. ದೀಪಗಳ ಝಳದಲ್ಲಿ ಎದುರು ಕೂತವರು ಕಾಣುತ್ತಿರಲಿಲ್ಲ. ಅಪ್ಪನದು ಬರೀ ಬಾಯಿಮಾತು, ಅವನು ಯಾವತ್ತೂ ಬರಲಿಲ್ಲ ಅಂತಲೇ ಇಷ್ಟು ವರ್ಷ ನಂಬಿಕೊಂಡಿದ್ದಳು.

ಸ್ಟುಡಿಯೋದಿಂದ ಸೀದಾ ಅಕ್ಕನ ಮನೆಗೆ ಹೋದಳು. ಅಕ್ಕ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಗುಬ್ಬಿ ಬಲಕ್ಕೆ ಸ್ಟೂಲು ಎಳೆದುಕೊಂಡಳು.

"ಅಕ್ಕಾ, ಅಪ್ಪ ನಮ್ಮ ಕಾರ್ಯಕ್ರಮಕ್ಕೆ ಬರ್ತಿದ್ನಾ?"

ಅಕ್ಕನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. "ಯಾರು ಹೇಳಿದ್ರು?"

"ಟೇಪಲ್ಲಿದ್ದಾನೆ."

ಅಕ್ಕ ಬಟ್ಟೆಯ ಅಂಚು ಸವರಿದಳು. "ಬರ್ತಿದ್ದ. ಮಗಳು ಜೊತೆಗಿದ್ರೆ ಗೇಟಲ್ಲಿ ಅನುಮಾನ ಪಡಲ್ಲ ಅಂತ ನನ್ನನ್ನೂ ಎಳ್ಕೊಂಡು ಬರ್ತಿದ್ದ. ಕೋಟಿನೊಳಗೆ ಬೆಲ್ಟು ಸುತ್ತಿಟ್ಟಿರ್ತಿದ್ದ. ನಿನ್ನ ಹೆಸರು ಕೂಗಿ ಏಳೋನು. ಅಷ್ಟರಲ್ಲಿ ಚಪ್ಪಾಳೆ ಶುರುವಾಗೋದು. ಅಷ್ಟು ಜನರ ಮಧ್ಯೆ ಧೈರ್ಯ ಸಾಲದೆ ಕೂತ್ಬಿಡೋನು. ಮುಂದಿನ ಸಲ ಒಂದೆರಡು ಸಾಲು ಮುಂದಕ್ಕೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಗಂಟಲಿಂದ ಸ್ವರ ಹೊರಡ್ತಿತ್ತಾ?"

ಅಕ್ಕ ಮಿಷನ್ನಿನ ಸೂಜಿಯಿಂದ ದಾರ ಕಿತ್ತಳು.

"ಕೊನೇ ಸಲ ವೇದಿಕೆ ಹತ್ರಾನೇ ಹೋಗ್ಬಿಟ್ಟ ಕಣೇ. ಕೈ ಕೋಟೊಳಗೆ ಹೋಯ್ತು. ನಂಗೇನೂ ತೋಚ್ಲಿಲ್ಲ. ಕಣ್ಮುಚ್ಚಿ ದೊಪ್ಪಂತ ಬಿದ್ದೆ."

ಅವತ್ತು ಯಾರೋ ಹುಡುಗಿ ಬಿದ್ದದ್ದು ಗುಬ್ಬಿಗೆ ಚೆನ್ನಾಗಿ ನೆನಪಿತ್ತು. ಇವರ ಹಾಡು ಕೇಳಿ ಹುಡುಗಿಯರು ಮೂರ್ಛೆ ಹೋಗುತ್ತಾರೆ ಅಂತ ಮಾರನೇ ದಿನ ಪತ್ರಿಕೆಗಳು ಬರೆದಿದ್ದವು. ತಂಡ ಮನೆಮಾತಾದದ್ದೇ ಅಲ್ಲಿಂದ.

"ಜನ ಮುತ್ಕೊಂಡ್ರು. ಎಲ್ಲರೂ ನೋಡ್ತಿರೋವಾಗ ಮಗಳನ್ನ ಎತ್ಕೊಂಡು ಹೋಗದೆ ಏನ್ ಮಾಡ್ತಾನೆ? ಯಾರೋ ಮಹಾನುಭಾವ ಟೋಪಿಲಿ ಗಾಳಿ ಹಾಕಿದ. ನಾನು ಜಪ್ಪಯ್ಯ ಅಂದ್ರೂ ಕಣ್ಣು ಬಿಡ್ಲಿಲ್ಲ!" ಅಕ್ಕ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಮನೆಗೆ ಹೋದ್ಮೇಲೆ, ನಾಟಕ ಅಂತ ಅವನಿಗೆ ಗೊತ್ತಾಯ್ತು."

ಅವಳ ಕೈ ಎಡಗಿವಿಯ ಕಡೆ ಹೋಯಿತು. ಕಿವಿ ಸೋರಿ ಹಾಳಾಯಿತು ಅಂತಲೇ ಅವಳು ಎಲ್ಲರಿಗೂ ಹೇಳುತ್ತ ಬಂದಿದ್ದಳು.

"ಡಾಕ್ಟರ್ ಹತ್ರ ಅವನೇ ಕರ್ಕೊಂಡು ಹೋದ. ಆಮೇಲೆ ನಿನ್ನ ತಂಟೆಗೆ ಬರ್ಲಿಲ್ಲ."

ಗುಬ್ಬಿ ಅಕ್ಕನ ಕೈ ಹಿಡಿದುಕೊಂಡಳು. ಎಂದೋ ಮುಗಿದುಹೋದ ಆ ಸಂಜೆಯಲ್ಲಿ ಅಕ್ಕ ಇನ್ನೂ ನೆಲದ ಮೇಲೆ ಬಿದ್ದಿದ್ದಾಳೆ, ಅವನು ಈಗಷ್ಟೇ ಅವಳನ್ನು ಎತ್ತಿಕೊಂಡು ಬಾಗಿಲ ಕಡೆ ನಡೆಯುತ್ತಿದ್ದಾನೆ, ತಾನು ಹಾಡುತ್ತಲೇ ಇದ್ದೇನೆ ಅನ್ನಿಸಿತು.

"ಬೇಡ ಅಂದ್ರೆ ಆ ದನಿ ತೆಗೀತಾರಂತೆ," ಅಂದಳು ಕೊನೆಗೆ.

"ಅವನದನ್ನ ತೆಗೆಸು. ನಾನು ಬಿದ್ದ ಸದ್ದು ಇರ್ಲಿ."

ಹಾಗೇ ಆಯಿತು. ಆಲ್ಬಮ್ ಬಂದ ವಾರ ರೇಡಿಯೋದವರು ಗುಬ್ಬಿಯನ್ನೂ ಡ್ರಮ್ಮಿನ ಗೆಳತಿಯನ್ನೂ ಕರೆಸಿದರು. ನಿರೂಪಕ ನಗುತ್ತ ಕೇಳಿದ, "ನಿಮ್ಮ ಹಾಡಿಗೆ ಮೂರ್ಛೆ ಹೋದ ಆ ಹುಡುಗಿ ಯಾರು ಅಂತ ಕೊನೆಗೂ ಗೊತ್ತಾಯ್ತಾ?"

ಹೇಳುವುದಾದರೆ ಹೇಳು, ಆದರೆ ಅಳಬೇಡ ಅಂತ ಅಕ್ಕ ಹೇಳಿ ಕಳಿಸಿದ್ದಳು. ಗಾಜಿನಾಚೆ ಯಾರೋ ಗಂಡಸು ಎದ್ದು ನಿಂತದ್ದು ಕಂಡು ಗುಬ್ಬಿ ಬಾಗಿಲ ಕಡೆ ನೋಡಿದಳು. ಅವನು ಫೈಲು ಹಿಡಿದು ಹೊರಟುಹೋದ.

"ಗೊತ್ತಾಯ್ತು. ಅವಳು ನನ್ನಕ್ಕ," ಅಂದಳು. "ಹಾಡು ಕೇಳಿ ಬಿದ್ದದ್ದಲ್ಲ. ನಮ್ಮಪ್ಪ ನನ್ನನ್ನ ಹೊಡೆಯೋಕೆ ಬಂದಿದ್ದ."

ಗೆಳತಿ ಬೆಚ್ಚಿ ಅವಳತ್ತ ನೋಡಿದಳು. ನಿರೂಪಕನ ನಗು ಮಾಯವಾಯಿತು. ದನಿ ನಡುಗುತ್ತಿದ್ದರೂ ಗುಬ್ಬಿ ಮೈಕಿನಿಂದ ಹಿಂದೆ ಸರಿಯದೆ, ಅಕ್ಕನ ಕಿವಿಯವರೆಗೂ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಳು.