ಎಡಗಡೆಯ ದೀಪ

ಕಾಫಿ ಲೋಟದ ಅಂಚಿನಲ್ಲಿ ಒಂದು ನೊಣ, ಇಲ್ಲಿಗೂ ಬಂತೇ ಇದು, ಗಾಡಿಯೊಳಗೆ ಕೂತು ಗ್ರೀನ್ ರಿವರ್ ಊರಿನಿಂದಲೇ ಪುಕ್ಕಟೆ ಸವಾರಿ ಮಾಡಿರಬೇಕು, ವರ್ಲಾ ಲೋಟ ಅಲುಗಿಸುತ್ತಾಳೆ, ನೊಣ ಒಂದು ಸುತ್ತು ಹಾರಿ ಮತ್ತೆ ಅಲ್ಲೇ ಕೂರುತ್ತದೆ, ಕೂರಲಿ ಪಾಪ, ಈ ಕಣಿವೆಯಲ್ಲಿ ಇವತ್ತು ಉಸಿರಾಡುವ ಜೀವವೆಂದರೆ ಅದು ಮತ್ತು ತಾನು, ಅಮ್ಮ ಬದುಕಿದ್ದರೆ ಲೋಟದಲ್ಲಿರುವುದು ಕಾಫಿಯೆಂದು ತಿಳಿದ ಕೂಡಲೇ ಮುಖ ತಿರುಗಿಸಿ, ಕಾಫಿ ಮುಟ್ಟಬಾರದೆನ್ನುವ ತನ್ನ ಚರ್ಚಿನ ಹಿರಿಯರಿಗೆ ಹೇಳುತ್ತಿದ್ದಳು, ಬಿಸಿಲು ಮಂಡಿಯವರೆಗೆ ಹತ್ತಿದೆ, ಹಿತವಾಗಿದೆ, ಕಾಲಲ್ಲಿ ರಬ್ಬರ್ ಚಪ್ಪಲಿ, ಬೂಟು ಅಲ್ಲೇ ಗಾಡಿಯ ಹತ್ತಿರ, ಆಮೇಲೆ ಹಾಕಿಕೊಂಡರಾಯಿತು, ಗಂಡ ಆರ್ವಿಲ್ ಜೊತೆಗೆ ಬಂದಿದ್ದರೆ ಈ ಕುರ್ಚಿಯನ್ನು ಇಲ್ಲಿ ಹಾಕಲು ಬಿಡುತ್ತಲೇ ಇರಲಿಲ್ಲ, ಬಿಸಿಲಲ್ಲಿ ಬೇಯೋಕೆ ಇಷ್ಟು ದೂರ ಬಂದ್ವೇನೇ, ಬಂಡೆಗೋಡೆ ಬುಡದಲ್ಲಿ ನೆರಳಿದೆ, ಗಾಳಿ ಬೀಸಲ್ಲ, ಸುಮ್ನೆ ಅಲ್ಲಿ ಕೂತ್ಕೋ ಎನ್ನುತ್ತಿದ್ದ, ಮೂವತ್ತು ವರ್ಷ ಅದನ್ನೇ ಹೇಳಿದ, ಮೂವತ್ತು ವರ್ಷ ಅವಳು ಆ ತಣ್ಣನೆಯ ನೆರಳಲ್ಲೇ ಕೂತು, ಒಣ ಹಳ್ಳದ ಈಚೆಗಿರುವ ಈ ಹಾಸುಬಂಡೆಯನ್ನು ಆಸೆಯಿಂದ ನೋಡಿದಳು, ಇವತ್ತು ಕೇಳುವವರಿಲ್ಲ, ಗಾಡಿಯನ್ನು ಅವನು ಹೇಳಿದ ಜಾಗದಲ್ಲೇ ನಿಲ್ಲಿಸಿದ್ದೇನಲ್ಲ, ಅಷ್ಟು ಸಾಕು, ಕುರ್ಚಿ ಮಾತ್ರ ನನ್ನದು — ಹಳ್ಳ ದಾಟಿ, ಕುರ್ಚಿ ಬಿಡಿಸಿ, ಕಾಲು ಚಾಚಿ ಕೂತಾಗ ಕಳ್ಳತನ ಮಾಡಿದಷ್ಟು ಖುಷಿಯಾಯಿತು, ಇಲ್ಲಿಂದ ಗೋಡೆ ಪೂರ್ತಿ ಕಾಣುತ್ತದೆ, ಅಲ್ಲಿ ಬುಡದಲ್ಲಿ ಕೂತರೆ ಕತ್ತು ನೋಯುತ್ತಿತ್ತೇ ಹೊರತು ಗೋಡೆ ಕಾಣುತ್ತಿರಲಿಲ್ಲ, ಎಷ್ಟು ಎತ್ತರ, ಮೇಲಿಂದ ಕೆಳಗಿನವರೆಗೆ ಇಳಿದ ಕಪ್ಪು ಪಟ್ಟೆಗಳು, ಕುದುರೆಯ ಕೇಸರ ಇದ್ದ ಹಾಗಿದೆ ಅಲ್ವಾ ಎನ್ನುತ್ತಿದ್ದ ಆರ್ವಿಲ್, ಪ್ರತಿ ಸಲವೂ ಹೊಸದಾಗಿ ಹೇಳುವವನಂತೆ, ಈಗ ಅವನ ಎರಡು ಕಣ್ಣುಗಳ ನಡುಭಾಗವೂ ಹೋಗಿದೆ, ಅಂಚಿನಲ್ಲಷ್ಟೇ ಸ್ವಲ್ಪ ಬೆಳಕು, ಎದುರಿಗೆ ನಿಂತ ಹೆಂಡತಿಯ ಮುಖದ ಜಾಗದಲ್ಲಿ ಒಂದು ಮಸಿ, ನೀನು ಹೋಗಿ ನೋಡ್ಕೊಂಡು ಬಾ, ನೋಡಿ ನಂಗೆ ಹೇಳು ಎಂದ, ಅಡುಗೆಮನೆಯ ಮೇಜಿನ ಮೇಲೆ ಬೆರಳಿನಿಂದ ದಾರಿ ಗೀಚಿದ, ಬೇಲಿ ಗೇಟು ದಾಟಿದ ಮೇಲೆ ಮರಳು, ಅಲ್ಲಿ ನಿಧಾನ ಮಾಡಿದ್ಯೋ ಹೂತ್ಕೊಂಡೆ, ಆಮೇಲೆ ದಾರಿಗಡ್ಡ ಒಂದು ಕಲ್ಲಿನ ಮೆಟ್ಟಿಲು, ಎಡಗಡೆ ಚಕ್ರ ಬಂಡೆ ಮೇಲೇ ಇರ್ಲಿ, ಗೊತ್ತಾಯ್ತಾ, ನೀನು ಓಡಿಸಿರೋದು ಶಾಲೆ ಬಸ್ಸು ಕಣೇ, ಇದು ಡಾಂಬರು ರಸ್ತೆ ಅಲ್ಲ — ಬೆನ್ನ ಹಿಂದೆ ಕಿರುಚಾಡೋ ಐವತ್ತು ಮಕ್ಕಳನ್ನು ಕೂರಿಸ್ಕೊಂಡು ನೀನೊಂದ್ಸಲ ಓಡ್ಸು, ಆಮೇಲೆ ಮಾತಾಡು ಎಂದಿದ್ದಳು ಅವಳು, ನಕ್ಕಿದ್ದ, ನಿನ್ನೆ ಆ ಮೆಟ್ಟಿಲು ಹತ್ತುವಾಗ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು, ಹತ್ತಿದ್ದೇ ತಡ ಒಬ್ಬಳೇ ಕೂಗಿಕೊಂಡಳು, ಹಾರ್ನ್ ಬಾರಿಸಿದಳು, ಯಾರಿಗೆ, ಯಾರಿಗೂ ಅಲ್ಲ, ಬೆಳಿಗ್ಗೆ ಎದ್ದವಳೇ ಉಪಗ್ರಹಕ್ಕೆ ಸುದ್ದಿ ಕಳಿಸುವ ಆ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತಿದ್ದಾಳೆ, ಮನೆಯಲ್ಲಿ ಅವನ ಫೋನು ವರ್ಲಾ ಕ್ಷೇಮ ಎಂದು ಗಟ್ಟಿಯಾಗಿ ಹೇಳಿರುತ್ತದೆ, ಇನ್ನು ಸಂಜೆಯವರೆಗೆ ಅವನಿಗೂ ಚಿಂತೆಯಿಲ್ಲ, ಸಂಜೆ ಮತ್ತೆ ಒತ್ತಿದರಾಯಿತು — ಏನದು, ಪಿಂಗಾಣಿ ತಟ್ಟೆ ಬಿರುಕು ಬಿಟ್ಟ ಹಾಗೆ, ಟಣ್ ಎಂದು,

ಸದ್ದೇ ಮೊದಲು ಬಂತೋ ಕಣ್ಣಿಗೆ ಕಂಡದ್ದು ಮೊದಲೋ, ಗೋಡೆ ಅಲ್ಲಾಡಲಿಲ್ಲ, ಗೋಡೆಯ ಮುಖ ಕಳಚಿತು, ನಿಂತ ಹಾಗೆಯೇ ಕಪ್ಪು ಪಟ್ಟೆಗಳ ಸಮೇತ ಕೆಳಗೆ ಇಳಿಯತೊಡಗಿತು, ನಿಧಾನವಾಗಿ, ಎಷ್ಟು ನಿಧಾನವೆಂದರೆ ಅಯ್ಯೋ ಗಾಡಿ ಎಂದುಕೊಳ್ಳುವಷ್ಟು ಪುರುಸೊತ್ತಿತ್ತು, ಏಳುವಷ್ಟು ಇರಲಿಲ್ಲ, ನಡುವಿನಲ್ಲಿ ಮುರಿದು ಮುಂದಕ್ಕೆ ಬಾಗಿತು, ಆಮೇಲೆ ಕಿವಿಗೆ ಏನೂ ಕೇಳಿಸಲಿಲ್ಲ, ಕುರ್ಚಿಯ ಕೆಳಗಿನ ಬಂಡೆ ಅವಳನ್ನು ಎತ್ತಿ ಹಾಕಿತು, ಗಾಳಿ ಎದೆಗೆ ಗುದ್ದಿತು, ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು, ಬಾಯಿ ತುಂಬ ಮಣ್ಣು, ಕಣ್ಣು ಬಿಟ್ಟರೆ ಕೆಂಪು, ಬರೀ ಕೆಂಪು ಧೂಳು, ಸೂರ್ಯ ತಾಮ್ರದ ಬಿಲ್ಲೆಯ ಹಾಗೆ, ಸತ್ತೆನೇ, ಸತ್ತರೆ ಕೆಮ್ಮು ಬರುತ್ತದೆಯೇ, ಕೆಮ್ಮುತ್ತಿದ್ದಾಳೆ, ಕೆಮ್ಮುತ್ತಲೇ ಇದ್ದಾಳೆ, ಕೈ ಹಿಡಿದಿರುವುದೇನು, ಲೋಟ, ಖಾಲಿ ಲೋಟ, ಬಿಟ್ಟಿಲ್ಲ, ಸಣ್ಣ ಕಲ್ಲುಗಳು ಎಲ್ಲೋ ಉರುಳುತ್ತಲೇ ಇವೆ, ಯಾರೋ ಚೀಲದಿಂದ ಬಟಾಣಿ ಸುರಿಯುತ್ತಿರುವ ಹಾಗೆ, ಆಮೇಲೆ ಅದೂ ನಿಂತಿತು, ಧೂಳು ಹಳ್ಳದ ಗುಂಟ ಕೆಳಗೆ ಹರಿದುಹೋಯಿತು, ನೋಡಿದಳು, ಗೋಡೆಯ ಜಾಗದಲ್ಲಿ ಹೆಚ್ಚಿದ ಕರಬೂಜದ ತಿರುಳಿನ ಬಣ್ಣ, ಹಸಿ ಹಸಿ, ಬಿಸಿಲನ್ನು ಹಿಂದೆಂದೂ ಕಾಣದ ಕಲ್ಲು, ಅದರ ಬುಡದಲ್ಲಿ ಮನೆ ಗಾತ್ರದ ತುಂಡುಗಳು ಒಂದರ ಮೇಲೊಂದು, ಗಾಡಿ ಎಲ್ಲಿ, ಗಾಡಿ ಇಲ್ಲ, ಬೂಟು, ನೀರಿನ ಡಬ್ಬಗಳು, ಗುಡಾರ, ಆ ಪುಟ್ಟ ಪೆಟ್ಟಿಗೆ, ಯಾವುದೂ ಇಲ್ಲ, ಇಲ್ಲ, ಇದೆ, ಒಂದು ಮೂಲೆ ಇದೆ, ಹಿಂಬದಿಯ ಎಡಮೂಲೆ, ಬಂಡೆಯ ಕೆಳಗಿನಿಂದ ಒಂದು ಮೊಳದಷ್ಟು ಹೊರಗೆ ಚಾಚಿದ ಬಿಳಿ ತಗಡು, ಅದರಲ್ಲಿ ಎಡಕ್ಕೆ ತಿರುಗುವ ಸೂಚನೆಯ ದೀಪ, ಹೊತ್ತಿಕೊಂಡಿದೆ, ಆರಿದೆ, ಹೊತ್ತಿಕೊಂಡಿದೆ, ಆರಿದೆ.

ಯಾವ ತಂತಿ ಯಾವುದಕ್ಕೆ ತಾಗಿತೋ, ಫ್ರಿಜ್ಜಿಗೆಂದು ಆರ್ವಿಲ್ ಹಿಂದೆ ಇನ್ನೊಂದು ಬ್ಯಾಟರಿ ಜೋಡಿಸಿದ್ದನಲ್ಲ, ಅದೇ ಇರಬೇಕು, ಅರಿಶಿನ ಬಣ್ಣದ ದೀಪ, ಗಾಡಿ ಇನ್ನೇನು ಎಡಕ್ಕೆ ತಿರುಗಿ ಹೊರಡುತ್ತದೆ ಎನ್ನುವ ಹಾಗೆ, ಎಲ್ಲಿಗೆ, ವರ್ಲಾ ಅದನ್ನೇ ನೋಡುತ್ತಾ ನಿಂತಳು, ನಿಲ್ಲಿಸ್ಬೇಕು ಅದನ್ನ, ಬ್ಯಾಟರಿ ಖಾಲಿಯಾಗುತ್ತೆ ಎಂದು ಮನಸ್ಸು ಹೇಳುತ್ತಿದೆ, ಎಂಥ ಮನಸ್ಸು ಇದು, ನಾನು ಅಲ್ಲಿ ಕೂತಿರಬೇಕಿತ್ತು ಎಂದು ಇನ್ನೂ ಹೇಳುತ್ತಿಲ್ಲ, ಬ್ಯಾಟರಿಯ ಲೆಕ್ಕ ಹೇಳುತ್ತಿದೆ, ನಾನು ಅಲ್ಲಿ ಕೂತಿರಬೇಕಿತ್ತು, ಈಗ ಹೇಳಿತು, ಬಂಡೆಯ ಮೇಲೆ ಕೂತಳು, ಮಳೆಯಿಲ್ಲ, ಗಾಳಿಯಿಲ್ಲ, ಗುಡುಗಿಲ್ಲ, ಆಕಾಶ ತೊಳೆದಿಟ್ಟ ಹಾಗೆ ನೀಲಿ, ಸುಮ್ಮನೆ ಬಿತ್ತಲ್ಲ, ಎಷ್ಟು ಸಾವಿರ ವರ್ಷ ನಿಂತದ್ದು, ತಾನು ಕಾಫಿ ಕುಡಿಯುವಾಗ ಬಿತ್ತಲ್ಲ, ಕುರ್ಚಿ ಎತ್ತಿಕೊಂಡು ಹಳ್ಳ ದಾಟುವಾಗ ಒಂದು ಗಳಿಗೆ ಅನುಮಾನಿಸಿದ್ದಳು, ನೆರಳೇ ವಾಸಿಯೇನೋ ಎಂದು, ಹಿಂದಿರುಗಿ ಎರಡು ಹೆಜ್ಜೆ ಇಟ್ಟಿದ್ದಳು ಕೂಡ, ಆ ಎರಡು ಹೆಜ್ಜೆ ನೆನಪಾಗಿ ವಾಂತಿ ಮಾಡಿಕೊಂಡಳು, ಒಳ್ಳೆಯ ನೀರು ಹೋಯಿತು ಎಂದಿತು ಅದೇ ಮನಸ್ಸು, ನೀರು, ಹೌದು, ನೀರಿಲ್ಲ, ಸಂಜೆಯವರೆಗೆ ಯಾರೂ ಹುಡುಕುವುದಿಲ್ಲ, ಸಂಜೆ ಗುಂಡಿ ಒತ್ತದಿದ್ದರೂ ಆರ್ವಿಲ್ ಏನಂದುಕೊಳ್ಳುತ್ತಾನೆ, ಮರೆತಿದ್ದಾಳೆ ಎಂದುಕೊಳ್ಳುತ್ತಾನೆ, ಬಸ್ಸಿನ ಹೆಂಗಸು, ನಕ್ಷತ್ರ ನೋಡ್ತಾ ಕೂತಿರ್ತಾಳೆ ಎಂದುಕೊಳ್ಳುತ್ತಾನೆ, ಏಳು, ಏಳೇ ವರ್ಲಾ, ಇದು ಅವನ ದನಿಯೋ ತನ್ನದೋ, ಎದ್ದಳು, ದೀಪ ಹೊತ್ತಿಕೊಂಡಿತು, ಅದಕ್ಕೆ ಬೆನ್ನು ಮಾಡುವುದು ಹೇಗೆ, ಜೀವ ಇರುವುದನ್ನು ಬಿಟ್ಟು ಹೋದ ಹಾಗೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ತಿರುವಿನವರೆಗೆ ಹೋದಳು, ತಿರುವು ಅದನ್ನು ಮುಚ್ಚಿತು.

ರಬ್ಬರ್ ಚಪ್ಪಲಿಯಲ್ಲಿ ಮರಳು ತುಂಬುತ್ತದೆ, ಕೊಡವುವುದು, ನಡೆಯುವುದು, ಕೊಡವುವುದು, ನಿನ್ನೆ ತಾನೇ ಮೂಡಿಸಿದ ಚಕ್ರದ ಗುರುತು ಇದು, ತನ್ನದೇ, ಗಾಡಿ ಇಲ್ಲದ ಗುರುತು, ಕಲ್ಲಿನ ಮೆಟ್ಟಿಲಿನ ಹತ್ತಿರ ಟೈರು ತಿಕ್ಕಿದ ಕಪ್ಪು ಗೆರೆ, ಇಲ್ಲೇ ಕೂಗಿಕೊಂಡಿದ್ದು, ಹಾರ್ನ್ ಬಾರಿಸಿದ್ದು, ಆ ಹಾರ್ನಿನ ಸದ್ದಿಗೇ ಗೋಡೆ ಸಡಿಲವಾಯಿತೇ, ಛೆ, ಹುಚ್ಚು, ಹಾರ್ನಿಗೆ ಗೋಡೆ ಬಿದ್ದೀತೇ, ನಾಲಿಗೆ ದಪ್ಪವಾಗುತ್ತಿದೆ, ಬಂಡೆಯ ಮೇಲಿನ ಕುಳಿಗಳಲ್ಲಿ ಕಳೆದ ಮಳೆಯ ನೀರು ಇರಬೇಕು, ಒಂದು ಕುಳಿ ಒಣಗಿದೆ, ಇನ್ನೊಂದು ಒಣಗಿದೆ, ಮೂಲೆಯ ಸೀಳಿನಡಿ ಒಂದರಲ್ಲಿ ಬಾನಿಯಷ್ಟು ನೀರು, ಅದರೊಳಗೆ ಉಗುರಿನಷ್ಟು ಸಿಗಡಿಗಳು ತಲೆಕೆಳಗಾಗಿ ಈಜುತ್ತಿವೆ, ಮಳೆ ಬಂದರೆ ಹುಟ್ಟಿ ನೀರು ಆರುವಷ್ಟರಲ್ಲಿ ಬಾಳು ಮುಗಿಸುವ ಜೀವಗಳು, ಆರ್ವಿಲ್ ಅವನ್ನು ಗಂಟೆಗಟ್ಟಲೆ ಬೋರಲು ಮಲಗಿ ನೋಡುತ್ತಿದ್ದ, ಕುಡೀಬೇಡ ಕಣೇ, ಅವುಗಳ ಮನೆ ಅದು ಎನ್ನುತ್ತಿದ್ದ, ಕ್ಷಮಿಸು ಎಂದಳು, ಯಾರಿಗೆ, ಲೋಟ ಅದ್ದಿ, ಅಂಗಿಯ ತುದಿಯಲ್ಲಿ ಸೋಸಿ ಕುಡಿದಳು, ಕಲ್ಲಿನ ರುಚಿ, ಇನ್ನೊಂದು ಲೋಟ, ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಅರಿಶಿನ ಬಣ್ಣ, ಹೊತ್ತಿಕೊಂಡಿತು, ಆರಿತು, ಕಣ್ಣು ಬಿಟ್ಟಳು, ನಡೆದಳು, ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ಅಂಗಿಯ ತೋಳು ಹರಿದು ಕಟ್ಟಿಕೊಂಡಳು, ಏರು, ತಿರುವು, ಏರು, ಜೂನಿಪರ್ ಮರದ ನೆರಳಲ್ಲಿ ಕೂತರೆ ಏಳುವುದಿಲ್ಲ ಎಂದು ಗೊತ್ತಿತ್ತು, ಕೂರಲಿಲ್ಲ, ನೆರಳಿನಲ್ಲಿ ಇನ್ನು ಕೂರುವುದಿಲ್ಲ, ಇನ್ನೆಂದೂ.

ಬೇಲಿ ಗೇಟಿನ ಹತ್ತಿರ ಧೂಳು, ಅಯ್ಯೋ ಮತ್ತೆ ಧೂಳು ಎಂದು ಅಲ್ಲೇ ಕೂತುಬಿಟ್ಟಳು, ಧೂಳಿನೊಳಗಿಂದ ಹೊಳೆಯುವ ಹೊಸ ಗಾಡಿಯೊಂದು ಬಂತು, ತಲೆಯ ಮೇಲೆ ದೀಪಗಳ ಸಾಲು, ಪಕ್ಕದಲ್ಲಿ ಸಲಿಕೆ, ಏಣಿ, ನೀರಿನ ಡಬ್ಬ, ಇಳಿದವನು ಡೆನ್ವರ್‌ನ ಹಲ್ಲಿನ ಡಾಕ್ಟರು, ಹೆಸರು ಲೆನರ್ಡ್ ವಿಟ್ಕೋವ್ಸ್ಕಿ, ಬಾಟಲಿ ಅವಳ ಬಾಯಿಗಿಡುತ್ತಲೇ ಮಾತು ಶುರು ಮಾಡಿದ, ನಿಧಾನ ಮೇಡಂ, ಗುಟುಕು ಗುಟುಕು, ಗಾಡಿ ಎಲ್ಲಿ ಹೂತ್ಕೊಂಡಿದೆ ಹೇಳಿ, ನಂದರಲ್ಲಿ ಗಾಡಿ ಎಳೆಯೋ ಒಳ್ಳೆ ವಿಂಚ್ ಇದೆ, ಕಳೆದ ವರ್ಷ ತಗೊಂಡಾಗಿಂದ ಒಂದ್ಸಲನೂ ಬಳಸಕ್ಕೆ ಅವಕಾಶ ಸಿಕ್ಕಿಲ್ಲ, ಈಗ್ಲೇ ಎಳೆದುಬಿಡೋಣ, ಅವಳು ನಗಬೇಕೆಂದುಕೊಂಡಳು, ಬಾಯಿ ನಗುವಿನ ಆಕಾರಕ್ಕೆ ಬಂತು, ಸದ್ದು ಬರಲಿಲ್ಲ, ಎಳೆಯೋಕಾಗಲ್ಲ ಎಂದಳು, ಏನು ಎಳೆಯೋಕಾಗಲ್ಲ, ನಾಲ್ಕೂವರೆ ಟನ್ ಎಳೆಯುತ್ತೆ ಮೇಡಂ ಇದು ಎಂದ, ಗೋಡೆ ಬಿತ್ತು ಎಂದಳು, ಟಿನ್‌ಕಪ್ ಕಣಿವೆ ಗೋಡೆ, ಅವನು ಅವಳ ಕೂದಲಿನ ಕೆಂಪು ಧೂಳು ನೋಡಿದ, ಕಾಲಿನ ಬಟ್ಟೆ ನೋಡಿದ, ಕೈಯಲ್ಲಿನ ಲೋಟ ನೋಡಿದ, ಬೆಳಿಗ್ಗೆ ಒಂದು ಸದ್ದು ಕೇಳ್ತು, ಗುಡುಗು ಅಂದ್ಕೊಂಡೆ ಎಂದ, ನಾನು ಇವತ್ತು ರಾತ್ರಿ ಅಲ್ಲೇ ಇಳಿಯೋಣ ಅಂತಿದ್ದೆ, ಆ ಗೋಡೆ ಬುಡದಲ್ಲಿ ಒಳ್ಳೆ ನೆರಳಂತೆ ಅಲ್ವಾ ಎಂದ, ಹೇಳಿ ತಾನೇ ತುಟಿ ಕಚ್ಚಿಕೊಂಡ, ಪೆಟ್ಟಿಗೆ ತೆರೆದು ಉಪಗ್ರಹದ ಫೋನು ಕೊಟ್ಟ, ಮನೇಲಿ ಯಾರಿದ್ದಾರೆ, ಮಾಡಿ ಮೇಡಂ, ಮೊದಲು ಮನೆಗೆ ಮಾಡಿ.

ಮನೆಯಲ್ಲಿ ಫೋನು ಬಾರಿಸುತ್ತಿದೆ, ಆರ್ವಿಲ್ ಕೈಯಾಡಿಸಿ ಹುಡುಕಬೇಕಲ್ಲ, ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕ, ಸಿಕ್ಕಿತು, ಯಾರು ಎಂದ ಆರ್ವಿಲ್, ನಾನು ಎಂದಳು, ಓ, ಬಸ್ಸಿನ ಡ್ರೈವರಮ್ಮ, ಫೋನು ಎಲ್ಲಿಂದ ಸಿಕ್ತೇ, ಯಾರಾದ್ರೂ ಚೆಲುವ ಸಿಕ್ಕಿದ್ನಾ ಎಂದು ನಕ್ಕ, ಮೆಟ್ಟಿಲು ಹತ್ತಿದ್ಯಾ, ಹತ್ತಿದೆ ಎಂದಳು, ಒಂದೇ ಸಲಕ್ಕಾ, ಒಂದೇ ಸಲಕ್ಕೆ, ಭಲೇ ಎಂದ, ಅವನ ದನಿಯಲ್ಲಿ ಎಷ್ಟು ಖುಷಿ, ತಾನೇ ಹತ್ತಿಸಿದಷ್ಟು, ಇಲ್ಲಿಗೇ ನಿಲ್ಲಿಸಬಾರದೇ, ಇಷ್ಟಕ್ಕೇ ಫೋನು ಇಟ್ಟುಬಿಡಬಾರದೇ, ಗಾಡಿ ನಾನು ಹೇಳಿದ ಕಡೆನೇ ನಿಲ್ಲಿಸಿದ್ಯಾ ಎಂದ, ಗೋಡೆ ಬುಡಕ್ಕೆ, ಅಲ್ಲೇ ನಿಲ್ಲಿಸಿದೆ ಆರ್ವಿಲ್, ಮತ್ತೆ ನೀನು ಎಂದ, ಯಾಕೆ ಹಾಗೆ ಕೇಳಿದನೋ, ಕಣ್ಣು ಹೋದ ಮೇಲೆ ಅವನಿಗೆ ದನಿಯಲ್ಲಿ ಏನೇನೋ ಕಾಣುತ್ತದೆ, ನೀನು ಎಲ್ಲಿ ಕೂತಿದ್ದೆ ವರ್ಲಾ, ಹಳ್ಳದ ಈಚೆ ಎಂದಳು, ಬಿಸಿಲಲ್ಲಿ, ನಿನ್ನ ಮಾತು ಕೇಳಲಿಲ್ಲ, ಕುರ್ಚಿ ಇತ್ತ ತಂದು ಹಾಕಿದ್ದೆ, ಗೋಡೆ ಬಿತ್ತು ಆರ್ವಿಲ್, ಪೂರ್ತಿ ಬಿತ್ತು, ಗಾಡಿ ಮೇಲೆ ಬಿತ್ತು, ನಾನು ಇದ್ದೀನಿ, ನಂಗೇನೂ ಆಗಿಲ್ಲ, ಇದ್ದೀನಿ, ಲೆನರ್ಡ್ ದೂರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದಾನೆ, ಫೋನಿನಲ್ಲಿ ಕುರ್ಚಿಯೊಂದು ಜರುಗಿದ ಸದ್ದು, ಆರ್ವಿಲ್ ಕೂತಿರಬೇಕು, ಇಲ್ಲಾ ಎದ್ದಿರಬೇಕು, ಅಲ್ಲೇ ಕೂತ್ಕೋ ಅಂತ ನಾನು ಎಂದ, ಮೂವತ್ತು ವರ್ಷ ನಾನು, ಮಾತು ಅಲ್ಲಿಗೇ ತುಂಡಾಯಿತು, ಗಂಡಸು ಅಳುವ ಸದ್ದು ಉಪಗ್ರಹಕ್ಕೆ ಹೋಗಿ ಬರುವಷ್ಟರಲ್ಲಿ ತಡವಾಗಿ, ಒಡೆದೊಡೆದು ಬರುತ್ತದೆ, ಅವಳು ಕಾಯುತ್ತಾಳೆ, ಅಳಬೇಡ ಕಣೋ ಎಂದಳು, ಕುಳಿ ನೀರು ಕುಡಿದೆ, ನಿನ್ನ ಸಿಗಡಿಗಳ ನೀರು, ಬೈಕೋ ಬೇಕಾದ್ರೆ, ಅವನು ಬೈಯಲಿಲ್ಲ, ಮೂಗು ಒರೆಸಿಕೊಂಡ ಸದ್ದು, ಆಮೇಲೆ ಅವನ ದನಿ ತೀರ ಸಣ್ಣದಾಗಿ, ಹೇಳು ಎಂದ, ಈಗ ಹೇಗೆ ಕಾಣುತ್ತೆ ಅಲ್ಲಿ, ನೋಡಿ ಬಂದು ಹೇಳ್ತೀನಿ ಅಂದಿದ್ಯಲ್ಲ, ಹೇಳು ವರ್ಲಾ, ನಂಗೆ ಇನ್ನೂ ಆ ಪಟ್ಟೆಗಳೇ ಕಾಣ್ತಿವೆ, ಹೇಳಬೇಕು, ಹಸಿ ಕಲ್ಲಿನ ಬಣ್ಣ ಹೇಳಬೇಕು, ಬಿದ್ದ ತುಂಡುಗಳ ಗಾತ್ರ, ಧೂಳು ಹರಿದ ರೀತಿ, ಆಕಾಶ ಎಷ್ಟು ಸುಮ್ಮನಿತ್ತು ಎನ್ನುವುದು, ಬಾಯಿ ತೆರೆದಳು, ಗೋಡೆ ನೆನಪಿಗೆ ಬರುತ್ತಿಲ್ಲ, ಕಪ್ಪು ಪಟ್ಟೆ ಬರುತ್ತಿಲ್ಲ, ಹೊಸ ಬಣ್ಣವೂ ಬರುತ್ತಿಲ್ಲ, ಒಂದು ಮೊಳ ಬಿಳಿ ತಗಡು, ಬಂಡೆಯ ಕೆಳಗಿಂದ, ಅದರ ಮೂಲೆಯಲ್ಲಿ, ಎಡಕ್ಕೆ, ಹಗಲು ಬೆಳಕಿನಲ್ಲಿ, ಈಗಲೂ, ಯಾರೂ ಇಲ್ಲದಲ್ಲಿ, ಹೊತ್ತಿಕೊಂಡಿದೆ, ಆರಿದೆ, ಹೊತ್ತಿಕೊಂಡಿದೆ — ಹೇಳೇ ಎನ್ನುತ್ತಾನೆ ಆರ್ವಿಲ್ — ಆರಿದೆ, ಹೊತ್ತಿಕೊಂಡಿದೆ