"ಇಳಿ ಕೆಳಗೆ" ಅಂದ ಡ್ರೈವರಣ್ಣ

ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. ಸಕ್ಕರೆ ಏರಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಇಳಿಯುತ್ತದೆ, ಇಳಿದರೆ ಇನ್ನೂ ಅಪಾಯ ಅಂತ ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕಿವಿಗೆ ಹಾಕಿಕೊಂಡಿರಲಿಲ್ಲವೋ ಏನೋ. ಅದಕ್ಕೇ ಇಷ್ಟೆಲ್ಲ ರಂಪ ಆಯಿತು.

ನಮ್ಮ ಮನೆಯವರು ದರ್ಜಿ. ಅವರ ಗೆಳೆಯ ಬಸ್ ಓಡಿಸಿ ನಿವೃತ್ತರಾದವರು, ಬೀದಿಗೆಲ್ಲ ಡ್ರೈವರಣ್ಣ. ಅರವತ್ತು ದಾಟಿದ ಮೇಲೆ ಇಬ್ಬರಿಗೂ ಸೈಕಲ್ ಹುಚ್ಚು ಹತ್ತಿತು. ಭಾನುವಾರ ಬೆಳಗ್ಗೆ ಹೊರಟರೆ ಯಾವುದೋ ದೂರದೂರಿನ ಸೇತುವೆ ನೋಡಿಕೊಂಡು ಸಂಜೆಗೆ ಬರುತ್ತಿದ್ದರು. ನಮ್ಮವರ ಹತ್ತಿರ ಸೈಕಲ್ ಇರಲಿಲ್ಲ. ಡ್ರೈವರಣ್ಣನೇ ತಮ್ಮ ಹಳೆಯದನ್ನು ಕೊಟ್ಟಿದ್ದರು. ಈ ವರ್ಷ ಸಮುದ್ರದವರೆಗೆ ತುಳಿಯಲೇಬೇಕು ಅಂತ ಇಬ್ಬರೂ ಹಟ ಹಿಡಿದಿದ್ದರು.

ಒಂದು ಭಾನುವಾರ ನಮ್ಮವರು ಮಧ್ಯಾಹ್ನವೇ ಬಸ್ಸಿನಲ್ಲಿ ಬಂದರು. ಮುಖ ಬಾಡಿಹೋಗಿತ್ತು.

"ಸೈಕಲ್ ಎಲ್ಲಿ ರೀ?"

"ಅವನದ್ದು. ಅವನಿಗೇ ಬಿಟ್ಟು ಬಂದೆ."

"ಯಾಕೆ, ಏನಾಯ್ತು?"

"ಏನಾಯ್ತು ಅಂತ ನನಗೆ ಗೊತ್ತಾಗಿದ್ರೆ ತಾನೇ! ಚೆನ್ನಾಗೇ ಹೋಗ್ತಿದ್ವಿ. ಇದ್ದಕ್ಕಿದ್ದ ಹಾಗೆ ಬ್ರೇಕ್ ಹಿಡಿದ. ಮುಖದ ತುಂಬ ಬೆವರು. 'ಟಿಕೆಟ್ ಇಲ್ದೆ ಹತ್ತಿದ್ದೀಯ, ಇಳಿ ಕೆಳಗೆ' ಅಂದ. ತಮಾಷೆ ಅಂದ್ಕೊಂಡು ನಕ್ಕೆ. ನನ್ನ ಹ್ಯಾಂಡಲ್ ಹಿಡಿದು ಅಲ್ಲಾಡಿಸಿಬಿಟ್ಟ ಕಣೇ! ಅವನ ಸೈಕಲ್ಲು ಪುಕ್ಕಟೆ ತುಳೀತಿದ್ದೀನಿ ಅಂತ ತಾನೇ ಚುಚ್ಚಿದ್ದು? ಇಳಿದೆ. ಬಂದ ಬಸ್ ಹತ್ತಿದೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಕುಡಿದು ಬಂದ ಪ್ರಯಾಣಿಕನನ್ನೂ "ಬನ್ನಿ ಸ್ವಾಮಿ" ಅಂತ ಕೂರಿಸುತ್ತಿದ್ದ ಮನುಷ್ಯ ಡ್ರೈವರಣ್ಣ.

ಸಂಜೆ ಒಂದು ಗೂಡ್ಸ್ ಆಟೋ ಬಂದು ನಮ್ಮವರು ಬಿಟ್ಟು ಬಂದಿದ್ದ ಸೈಕಲನ್ನು ನಮ್ಮ ಬಾಗಿಲಲ್ಲಿ ಇಳಿಸಿತು. ಹಿಂದೆಯೇ ಡ್ರೈವರಣ್ಣನ ಹೆಂಡತಿ ಬಂದರು.

"ಏನಕ್ಕ, ನಿಮ್ಮೋರು ಹೀಗಾ ಮಾಡೋದು? ನಡುರಸ್ತೇಲಿ ಬಿಟ್ಟು ಬಂದಿದ್ದಾರೆ! ಪಂಕ್ಚರ್ ಅಂಗಡಿಯವರು ನೋಡಿ, ಕೂರಿಸಿ, ಸಿಹಿ ಟೀ ಕುಡಿಸದೇ ಹೋಗಿದ್ರೆ?"

"ಇಳಿ ಅಂದಿದ್ದು ಡ್ರೈವರಣ್ಣನೇ ಅಂತೆ."

"ಇವರಾ? ಅಂಥ ಮಾತು ಇವರ ಬಾಯಲ್ಲಿ ಬರುತ್ತಾ? 'ಯಾಕೆ ಬಿಟ್ಟುಹೋದ, ಯಾಕೆ ಬಿಟ್ಟುಹೋದ' ಅಂತ ಒಂದೇ ಸಮ ಕೇಳ್ತಿದಾರೆ. ಸಮುದ್ರವೂ ಬೇಡ, ಏನೂ ಬೇಡ. ಇವರ ಸೈಕಲ್ಲನ್ನೂ ಮಾರಿಬಿಡ್ತೀನಿ."

ಒಬ್ಬರು ಅಂದ ಅಂತಾರೆ, ಇನ್ನೊಬ್ಬರು ಅಂದೇ ಇಲ್ಲ ಅಂತಾರೆ. ಸುಳ್ಳು ಹೇಳುವವರು ಇಬ್ಬರೂ ಅಲ್ಲ. ವಾರವಿಡೀ ನಮ್ಮವರು ಮಂಕು ಬಡಿದವರ ಹಾಗಿದ್ದರು. ಆರೋಗ್ಯ ಕೇಂದ್ರದ ನರ್ಸ್ ಹೊಲಿಯಲು ಕೊಟ್ಟಿದ್ದ ಕೋಟಿಗೆ ಎಡಗಡೆ ತೋಳು ಬಲಗಡೆ, ಬಲಗಡೆಯದು ಎಡಗಡೆ ಕೂರಿಸಿಟ್ಟಿದ್ದರು. ಅಂಗಡಿಗೆ ಬಂದು ಕೋಟು ತೊಟ್ಟು ನೋಡಿದ ನರ್ಸ್ ಕೈ ಎತ್ತಲಾಗದೆ ನಕ್ಕರು.

"ಏನಾಗಿದೆ ಯಜಮಾನ್ರೇ ನಿಮಗೆ?"

ನಮ್ಮವರು ಕೋಟು ಇಸಿದುಕೊಂಡು, ಕತ್ತರಿ ಹಿಡಿದು ತೋಳಿನ ಹೊಲಿಗೆ ಬಿಚ್ಚಲು ಕೂತರು. ನಾನೇ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ನರ್ಸ್ ನಗು ನಿಂತುಹೋಯಿತು.

"ಡ್ರೈವರಣ್ಣನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ. ಅವತ್ತು ತಿಂಡಿ ತಿಂದಿದ್ರಾ?"

"ಇಲ್ಲ. ಹೊಟ್ಟೆ ಹಗುರ ಇದ್ರೆ ಪೆಡಲ್ಲೂ ಹಗುರ ಅಂತಾನೆ. ಮಾತ್ರೆ ನುಂಗೋದನ್ನ ಮಾತ್ರ ಬಿಡಲ್ಲ" ಅಂದರು ನಮ್ಮವರು.

"ಅಲ್ಲೇ ಎಡವಟ್ಟಾಗಿದ್ದು. ಮಾತ್ರೆ ಸಕ್ಕರೆ ಇಳಿಸ್ತು, ಸೈಕಲ್ ತುಳಿದು ಇನ್ನಷ್ಟು ಇಳೀತು, ಹೊಟ್ಟೇಲಿ ಏನೂ ಇಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಕಮ್ಮಿಯಾದ್ರೆ ಬೆವರು, ನಡುಕ, ಎದೆ ಡವಡವ. ಮಿದುಳಿಗೆ ಸಾಲದೇ ಬಂದಾಗ ರೇಗ್ತಾರೆ, ಏನೇನೋ ಮಾತಾಡ್ತಾರೆ. ಆಮೇಲೆ ನೆನಪೂ ಇರಲ್ಲ."

"ಸಕ್ಕರೆ ಕಾಯಿಲೆ ಅಂದ್ರೆ ಸಕ್ಕರೆ ಜಾಸ್ತಿ ಅಲ್ವಾ? ಕಮ್ಮಿ ಹೇಗಾಗುತ್ತೆ ಸಿಸ್ಟರ್? ಅವನ ಮನಸ್ಸಲ್ಲಿದ್ದದ್ದೇ ಹೊರಗೆ ಬಂತು, ಬಿಡಿ."

"ಅವರ ಪಾಡಿಗೆ ಅವರು ತಲೆಯೊಳಗೆ ಬಸ್ ಓಡಿಸ್ತಿದ್ರು ಯಜಮಾನ್ರೇ. ನೀವು ಯಾರು ಅಂತಲೇ ಅವರಿಗೆ ಗೊತ್ತಾಗಿಲ್ಲ. ನೀವು ಬಿಟ್ಟು ಬಂದ ಮೇಲೆ ರಸ್ತೆ ಮಧ್ಯೆ ಪ್ರಜ್ಞೆ ತಪ್ಪಿ ಬಿದ್ದಿದ್ರೆ?"

ನಮ್ಮವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಅಂಗಡಿ ಬಾಗಿಲನ್ನೂ ಹಾಕದೆ ಎದ್ದು ಹೊರಟರು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದೆ.

ಡ್ರೈವರಣ್ಣ ಜಗಲಿಯಲ್ಲಿ ಕೂತಿದ್ದರು. ನೋಡಿದವರೇ ಕೇಳಿದರು: "ಯಾಕೋ ಬಿಟ್ಟುಹೋದೆ?"

"ನೀನೇ ಇಳಿ ಅಂದೆಯಲ್ಲೋ."

"ನಾನಾ? ನಿನಗಾ?"

"ಹೂಂ ಕಣೋ. ಟಿಕೆಟ್ ಇಲ್ಲ, ಇಳಿ ಕೆಳಗೆ ಅಂದೆ."

ಡ್ರೈವರಣ್ಣನಿಗೆ ಎಷ್ಟು ಯೋಚಿಸಿದರೂ ಅದು ನೆನಪಿಗೆ ಬರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಮೆಲ್ಲಗೆ ಅಂದರು: "ನಾನು ಅಂದ್ರೂ ನೀನು ಇಳೀಬಾರದಿತ್ತು ಕಣೋ."

ನಮ್ಮವರು ಕಣ್ಣೊರೆಸಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.

ಮಾರನೇ ದಿನ ಎಲ್ಲರೂ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋದೆವು. ದೂರ ಹೋಗುವ ದಿನ ಏನು ತಿನ್ನಬೇಕು, ಮಾತ್ರೆ ಎಷ್ಟು, ಯಾವಾಗ ಅಂತ ಅವರು ತಿಳಿಸಿಕೊಟ್ಟರು. ಸೈಕಲ್ ಬೇಡವೇ ಬೇಡ ಅಂತಿದ್ದ ಡ್ರೈವರಣ್ಣನ ಹೆಂಡತಿ, "ಸರಿ, ಆದ್ರೆ ಇವರ ಜೇಬಲ್ಲಿ ಯಾವಾಗ್ಲೂ ಗ್ಲೂಕೋಸ್ ಪುಡಿ ಇರಬೇಕು" ಅಂದರು.

"ಇರಲಿ. ಆದ್ರೆ ಆ ಹೊತ್ತಲ್ಲಿ ಅವರಿಗೆ ಜೇಬೇ ನೆನಪಾಗಲ್ಲ. ಜೊತೆಗಾರರ ಜೇಬಲ್ಲೂ ಇರಲೇಬೇಕು" ಅಂದರು ನರ್ಸ್.

ನಮ್ಮವರು ಅಂದೇ ತಮ್ಮ ಎರಡು ಶರ್ಟಿಗೂ ಗುಂಡಿಯಿರುವ ಒಳಜೇಬು ಹೊಲಿದುಕೊಂಡರು. ಮುಂದಿನ ತಿಂಗಳು ಇಬ್ಬರೂ ಸಮುದ್ರಕ್ಕೆ ಹೊರಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ವಯಸ್ಸಾಯಿತು ಅಂತ ಸೈಕಲ್ ಮೂಲೆಗೆ ತಳ್ಳಬೇಡಿ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಲೂ ಬೇಡಿ. ಜೊತೆಯವರು ಬೆವರಿ, ನಡುಗಿ, ತಮ್ಮ ಸ್ವಭಾವದ್ದಲ್ಲದ ಮಾತಾಡಿದರೆ ತಕ್ಷಣ ನಿಲ್ಲಿಸಿ. ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಕೊಡಿ, ಆಸ್ಪತ್ರೆಗೂ ಕರೆದೊಯ್ಯಿರಿ. ಸುಧಾರಿಸಿದ ಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಂಬುಲೆನ್ಸ್ ಕರೆಯಿರಿ.

ಅವರು ಬೈಯಬಹುದು, ದೂರ ತಳ್ಳಬಹುದು, ನೀನು ಯಾರು ಅಂತಲೂ ಕೇಳಬಹುದು. ಸಿಟ್ಟು ಮಾಡಿಕೊಳ್ಳಲು ನಾಳೆಯೂ ಸಮಯ ಇರುತ್ತದೆ. ಅವತ್ತು ಮಾತ್ರ ಮೊದಲು ಸಕ್ಕರೆ ಕೊಡಿ, ಬಿಟ್ಟು ಬರಬೇಡಿ.